ಯಂತ್ರಸುತ್ತಿಗೆಯೂ ಅದರ ಉಪಕರಣಗಳೂ

(ಶಾಲೆಯ ಕೈಗಾರಿಕಾ ವಸ್ತುಪ್ರದರ್ಶನದ ದಿನ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ವೇದಿಕೆಯ ಮೇಲೆ ನಿಂತು ಕಮ್ಮಾರಿಕೆಯ ವಿಷಯವನ್ನು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ, ಗುಳ, ಕುಡುಗೋಲು, ಕೊಡಲಿಗಳನ್ನು ಮಾಡಿಕೊಟ್ಟು ಈ ಸೀಮೆಯ ಒಕ್ಕಲುತನವನ್ನು ನಡೆಸಿದ ಮನೆತನಗಳ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ.ಗೆ ಹೋಗುವವರೂ ಹಲವರು. ಅಲ್ಲಿ ಅವರ ಮುಂದೆ ನಿಲ್ಲುವ ಯಂತ್ರಗಳಲ್ಲಿ ಒಂದರ ವಿಷಯವಾಗಿ, ಅದರ ಕೆಳಗೆ ಕೈಯಿಡುವ ಮೊದಲೇ, ಕನ್ನಡದಲ್ಲಿ ನಾಲ್ಕು ಮಾತು ಕೇಳಿಸಿಕೊಂಡಿರಲಿ ಎಂಬುದೇ ನಮ್ಮ ಉದ್ದೇಶ. ಆ ಯಂತ್ರವನ್ನು ಪವರ್ ಹ್ಯಾಮರ್ ಎನ್ನುತ್ತಾರೆ. ನಾವು ಇಂದು ಯಂತ್ರಸುತ್ತಿಗೆ ಎಂದು ಕರೆಯೋಣ.

ಮೊದಲು ಹಳೆಯ ಕುಲುಮೆಯನ್ನು ನೆನೆಯೋಣ. ಅಲ್ಲಿ ಇಬ್ಬರು ಬೇಕು. ಒಬ್ಬ ಕಮ್ಮಾರ, ಎಡಗೈಯಲ್ಲಿ ಇಕ್ಕುಳ, ಬಲಗೈಯಲ್ಲಿ ಚಿಕ್ಕ ಸುತ್ತಿಗೆ. ಇನ್ನೊಬ್ಬ ಎದುರು ನಿಂತು ಸಮ್ಮಟಿಗೆ ಬೀಸುವವನು. ಚಿಕ್ಕ ಸುತ್ತಿಗೆ ಎಲ್ಲಿ ತಟ್ಟಿತೋ ಅಲ್ಲಿ ಸಮ್ಮಟಿಗೆ ಬೀಳಬೇಕು. ಚಿಕ್ಕ ಸುತ್ತಿಗೆ ಅಡಿಗಲ್ಲಿನ ಮೇಲೆ ಟಣ್ಣೆಂದರೆ ಸಮ್ಮಟಿಗೆ ನಿಲ್ಲಬೇಕು. ಎಷ್ಟೋ ಮನೆಗಳಲ್ಲಿ ಸಮ್ಮಟಿಗೆ ಬೀಸಿದವಳು ಕಮ್ಮಾರನ ಹೆಂಡತಿಯೇ. ಇತಿಹಾಸದ ಪುಸ್ತಕಗಳು ಆಕೆಯನ್ನು ಮರೆತಿವೆ, ನಾವು ಮರೆಯಬೇಕಾದುದಿಲ್ಲ. ಈಗ ಮಕ್ಕಳು ಶಾಲೆಗೆ ಬಂದರು, ಎದುರು ನಿಲ್ಲುವವರಿಲ್ಲ. ಆ ಸ್ಥಳದಲ್ಲಿ ಬಂದು ನಿಂತಿರುವುದೇ ಯಂತ್ರಸುತ್ತಿಗೆ. ಅದು ದಣಿಯುವುದಿಲ್ಲ, ಕೂಲಿ ಕೇಳುವುದಿಲ್ಲ. ಆದರೆ ಅದಕ್ಕೆ ಕಣ್ಣಿಲ್ಲ. ಎದುರು ನಿಂತ ಮನುಷ್ಯ ಕಮ್ಮಾರನ ಮುಖವನ್ನು ನೋಡಿ ಕೈ ತಡೆಯುತ್ತಿದ್ದನು. ಯಂತ್ರವು ಕಾಲಡಿಯ ಪಟ್ಟಿಯನ್ನು ಮಾತ್ರ ಬಲ್ಲದು. ಇಂದಿನ ನಮ್ಮ ಮಾತೆಲ್ಲ ಈ ಒಂದು ಭೇದದಿಂದಲೇ ಹುಟ್ಟುತ್ತದೆ.

ಯಂತ್ರಸುತ್ತಿಗೆಯ ಕಥೆ ಹಳೆಯದು. ಹೊಳೆಯ ನೀರಿನ ಚಕ್ರದಿಂದ ಎದ್ದುಬೀಳುವ ಮರದ ಹಿಡಿಯ ಸುತ್ತಿಗೆಗಳು ಯುರೋಪಿನಲ್ಲಿಯೂ ಚೀನದಲ್ಲಿಯೂ ಶತಮಾನಗಳ ಕಾಲ ಇದ್ದವು. ಆದರೆ ಅವುಗಳಿಗೆ ಒಂದು ದೋಷವಿತ್ತು. ಕೆಲಸ ದಪ್ಪವಾದಷ್ಟೂ ಸುತ್ತಿಗೆ ಮೇಲೇಳಲು ಜಾಗ ಕಡಿಮೆ. ಹೆಚ್ಚು ಪೆಟ್ಟು ಬೇಕಾದಲ್ಲಿಯೇ ಪೆಟ್ಟು ಸಣ್ಣದಾಗುತ್ತಿತ್ತು. 1839ರಲ್ಲಿ ಇಂಗ್ಲೆಂಡಿನಲ್ಲಿ 'ಗ್ರೇಟ್ ಬ್ರಿಟನ್' ಎಂಬ ಹಡಗನ್ನು ಕಟ್ಟುತ್ತಿದ್ದಾಗ, ಅದರ ಪಕ್ಕದ ಚಕ್ರಗಳಿಗೆ ಬೇಕಾದ ಭಾರಿ ಅಚ್ಚುಕಂಬಿಯನ್ನು ಬಡಿದುಕೊಡುವವರು ಯಾರೂ ದೊರೆಯಲಿಲ್ಲ. ಆಗ ಜೇಮ್ಸ್ ನಾಸ್ಮಿತ್ ಎಂಬ ಯಂತ್ರಶಿಲ್ಪಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಬರೆದನು: ಎರಡು ಕಂಬಗಳ ನಡುವೆ ನೇರವಾಗಿ ಉಗಿಯಿಂದ ಮೇಲೇಳುವ, ನೇರವಾಗಿ ಕೆಳಗೆ ಬೀಳುವ ಕಬ್ಬಿಣದ ದಿಮ್ಮಿ. ಅಷ್ಟರಲ್ಲಿ ಹಡಗಿನವರು ಮನಸ್ಸು ಬದಲಿಸಿ ಪಕ್ಕದ ಚಕ್ರವನ್ನು ಬಿಟ್ಟು ಹಿಂಭಾಗದ ತಿರುಪು ಚಕ್ರವನ್ನು ಹಿಡಿದರು. ಆ ಅಚ್ಚುಕಂಬಿ ಬೇಕಾಗಲೇ ಇಲ್ಲ. ಚಿತ್ರ ಪುಸ್ತಕದಲ್ಲಿಯೇ ಉಳಿಯಿತು. 1842ರಲ್ಲಿ ನಾಸ್ಮಿತ್ ಫ್ರಾನ್ಸಿನ ಕ್ರೂಸೋ ಎಂಬ ಊರಿನ ಕಾರ್ಖಾನೆಗೆ ಹೋಗಿ ನೋಡುತ್ತಾನೆ, ಅಂಥದೇ ಸುತ್ತಿಗೆ ಅಲ್ಲಿ ಕೆಲಸ ಮಾಡುತ್ತಿದೆ! ಅದನ್ನು ಕಟ್ಟಿಸಿದವನು ಬೂರ್ದೋಂ ಎಂಬ ಇಂಜಿನಿಯರು. ನಾಸ್ಮಿತ್ ಊರಿಗೆ ಮರಳಿ ಅದೇ ವರ್ಷ ಪೇಟೆಂಟ್ ಪಡೆದನು. ಮೊದಲು ಯಾರದು ಎಂಬ ವ್ಯಾಜ್ಯ ಅಂದೇ ಹುಟ್ಟಿತು. ಅದರೊಳಕ್ಕೆ ನಾವು ಹೋಗುವುದು ಬೇಡ. ಅದೇ ಕ್ರೂಸೋದಲ್ಲಿ 1877ರಲ್ಲಿ 100 ಟನ್ನಿನ ಸುತ್ತಿಗೆಯನ್ನು ನಿಲ್ಲಿಸಿದರು. ಅದು ಈಗ ಕೆಲಸ ಮಾಡುವುದಿಲ್ಲ. ಊರಬಾಗಿಲಿನ ಬಳಿ ಸ್ಮಾರಕವಾಗಿ ನಿಂತಿದೆ.

ನಮ್ಮ ದೇಶದ ಸಣ್ಣ ಕಾರ್ಖಾನೆಗಳಲ್ಲಿ ಕಾಣುವುದು ಉಗಿಯದಲ್ಲ. ಒಂದು ಬಗೆಯದು ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಚಿಮ್ಮುವುದು; ಇನ್ನೊಂದು ವಿದ್ಯುತ್ ಮೋಟಾರಿನಿಂದ ತನ್ನೊಳಗೇ ಗಾಳಿಯನ್ನು ಒತ್ತಿಕೊಂಡು ಬಡಿಯುವುದು. ಪಂಜಾಬಿನ ಬಟಾಲಾ, ಲುಧಿಯಾನಾ, ಗುಜರಾತಿನ ರಾಜಕೋಟಗಳಲ್ಲಿ ಇಂಥವನ್ನು ತಯಾರಿಸುತ್ತಾರೆ. ಯಂತ್ರದ ಅಳತೆಯನ್ನು ಹೇಳುವುದು ಬೀಳುವ ದಿಮ್ಮಿಯ ತೂಕದಿಂದ. 50 ಕಿಲೋಗ್ರಾಂ ಯಂತ್ರವೆಂದರೆ 50 ಕಿಲೋಗ್ರಾಂ ದಿಮ್ಮಿ. ಅದು 30 ಸೆಂಟಿಮೀಟರ್ ಎತ್ತರದಿಂದ ಬರಿಯ ತನ್ನ ತೂಕದಿಂದಲೇ ಬಿದ್ದರೂ ಒಂದೊಂದು ಪೆಟ್ಟಿಗೆ 15 ಕಿಲೋಗ್ರಾಂ-ಮೀಟರ್ ಕೆಲಸವಾಗುತ್ತದೆ. ಗಾಳಿಯ ಒತ್ತಡ ಅದರ ಮೇಲೆ ಬೇರೆ. ಇಂಥ ಪೆಟ್ಟುಗಳು ನಿಮಿಷಕ್ಕೆ ಸುಮಾರು 200. ಹುಡುಗರೇ, ಲೆಕ್ಕ ಹಾಕಿರಿ: ನೀವು ಒಮ್ಮೆ ಕಣ್ಣು ಬೇರೆ ಕಡೆ ಹೊರಳಿಸಿ ಮತ್ತೆ ನೋಡುವ ಮೂರು ಸೆಕೆಂಡಿನಲ್ಲಿ ಹತ್ತು ಪೆಟ್ಟು ಬಿದ್ದಿರುತ್ತವೆ. ಪೆಟ್ಟನ್ನು ತಾಳುವ ಕೆಳಗಿನ ದಿಮ್ಮಿ ಬೀಳುವ ತೂಕದ ಹತ್ತು ಪಟ್ಟಿಗಿಂತ ಕಡಿಮೆಯಿರಬಾರದು. ಹದಿನೈದು ಪಟ್ಟು ಇದ್ದರೆ ಇನ್ನೂ ಲೇಸು. ಇಲ್ಲದಿದ್ದರೆ ಶಕ್ತಿ ಕಬ್ಬಿಣಕ್ಕೆ ಹೋಗದೆ ನೆಲಕ್ಕೂ ನೆರೆಮನೆಯ ಗೋಡೆಗೂ ಹೋಗುತ್ತದೆ.

ಇನ್ನು ಉಪಕರಣಗಳಿಗೆ ಬರೋಣ. ಯಂತ್ರದ ಮೇಲೂ ಕೆಳಗೂ ಬೆಣೆ ಹೊಡೆದು ಕೂರಿಸಿದ ಎರಡು ಚಪ್ಪಟೆ ಮುಖಗಳಿರುತ್ತವೆ. ಬರಿಯ ಚಪ್ಪಟೆ ಮುಖಗಳಿಂದ ಏನಾಗುತ್ತದೆ? ನಿಮ್ಮ ತಾಯಂದಿರು ಜೋಳದ ರೊಟ್ಟಿ ಬಡಿಯುವುದನ್ನು ನೋಡಿದ್ದೀರಿ. ಅಂಗೈ ಚಪ್ಪಟೆಯಾದುದು, ಆದುದರಿಂದ ಹಿಟ್ಟು ಸುತ್ತಲೂ ಹರಡಿ ರೊಟ್ಟಿ ದುಂಡಗಾಗುತ್ತದೆ. ಅದೇ ಚಪಾತಿಯ ಲಟ್ಟಣಿಗೆಯನ್ನು ಒಂದೇ ಕಡೆಗೆ ಉರುಳಿಸಿದರೆ ಹಿಟ್ಟು ಲಟ್ಟಣಿಗೆಗೆ ಅಡ್ಡವಾಗಿ ಮಾತ್ರ ಉದ್ದಕ್ಕೆ ಓಡುತ್ತದೆ. ಕಾದ ಉಕ್ಕೂ ಹಿಟ್ಟಿನಂತೆಯೇ. ಸರಳನ್ನು ಉದ್ದ ಮಾಡಬೇಕಾದರೆ ಅದರ ಮೇಲೆ ಅಡ್ಡಲಾಗಿ ದುಂಡು ಬೆನ್ನಿನ ಒಂದು ತುಂಡನ್ನಿಟ್ಟು ಬಡಿಯಬೇಕು. ಇದಕ್ಕೆ ಫುಲ್ಲರ್ ಎಂದು ಹೆಸರು. ಅಗಲ ಮಾಡಬೇಕಾದರೆ ಅದನ್ನೇ ಸರಳಿನ ಉದ್ದಕ್ಕೆ ಇಡಬೇಕು. ಗುದ್ದಲಿಯ ಎಲೆಯನ್ನು ಹರಡುವುದು ಹೀಗೆಯೇ. ಆಮೇಲೆ ಬೀಳುವ ತೆರೆತೆರೆಯಾದ ಗುರುತುಗಳನ್ನು ಚಪ್ಪಟೆ ಮುಖದಿಂದ ತಟ್ಟಿ ಸಮ ಮಾಡಿದರಾಯಿತು.

ಸರಳನ್ನು ದುಂಡಗೆ ಮಾಡುವ ಕ್ರಮವೊಂದಿದೆ. ರೇಖಾಗಣಿತ ಓದಿದವರು ಇದನ್ನು ಮೆಚ್ಚಿಕೊಳ್ಳುತ್ತಾರೆ. ದುಂಡು ಸರಳನ್ನು ಸಣ್ಣ ದುಂಡು ಮಾಡಬೇಕೆಂದು ಚಪ್ಪಟೆ ಮುಖಗಳ ನಡುವೆ ತಿರುಗಿಸುತ್ತ ಬಡಿದರೆ ಹೊರಗೆ ಚೆನ್ನಾಗಿ ಕಾಣುತ್ತದೆ; ಒಳಗೆ ನಡುಮಧ್ಯದಲ್ಲಿ ಉಕ್ಕು ಸೀಳಿಕೊಳ್ಳುತ್ತದೆ. ಆದುದರಿಂದ ಮೊದಲು ಚೌಕ ಮಾಡಿ, ಚೌಕವಾಗಿಯೇ ಬೇಕಾದ ಅಳತೆಗೆ ಇಳಿಸಿ, ನಂತರ ನಾಲ್ಕು ಮೂಲೆ ಒಡೆದು ಎಂಟು ಮುಖ ಮಾಡಿ, ಕೊನೆಗೆ ಮಾತ್ರ ದುಂಡಗೆ ತಿರುಗಿಸತಕ್ಕದ್ದು. ಈ ಕೊನೆಯ ಹೆಜ್ಜೆಗೆ ಬೇಕಾದುದು ಸ್ವೇಜ್ ಎಂಬ ಜೋಡಿಯಚ್ಚು. ಎರಡು ಉಕ್ಕಿನ ತುಂಡುಗಳಲ್ಲಿ ಅರ್ಧರ್ಧ ದುಂಡು ಕೊರೆತ; ಎರಡನ್ನೂ ಸೇರಿಸುವ ಬಳೆಯಾಕಾರದ ಸ್ಪ್ರಿಂಗ್ ಹಿಡಿ. ನಮ್ಮ ಹಿರಿಯ ವಿದ್ಯಾರ್ಥಿಗಳು ಕಲಿಯಬೇಕಾದ ಮೊದಲ ಉಪಕರಣ ಇದೇ ಎಂದು ನಾವು ಭಾವಿಸುತ್ತೇವೆ. ಅದನ್ನು ಮಾಡುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

20 ಮಿಲಿಮೀಟರ್ ದುಂಡು ಬೇಕಾಗಿದೆ ಎನ್ನೋಣ. ಸುಮಾರು 75 ಮಿಲಿಮೀಟರ್ ಉದ್ದ, 40 ಅಗಲ, 30 ದಪ್ಪದ ಎರಡು ಉಕ್ಕಿನ ತುಂಡುಗಳನ್ನು ಚೆನ್ನಾಗಿ ಕಾಯಿಸಿ, ಹಳದಿ ಬಣ್ಣ ಬಂದಾಗ ಯಂತ್ರದ ಕೆಳಮುಖದ ಮೇಲೆ ಒಂದರ ಮೇಲೊಂದಿಟ್ಟು, ನಡುವೆ ತಣ್ಣಗಿನ ದುಂಡು ಸರಳೊಂದನ್ನು ಸೇರಿಸಿ ಬಡಿಯಬೇಕು. ತಣ್ಣಗಿನದು ಕಾದುದರಲ್ಲಿ ಇಳಿದು ತನ್ನ ಪಡಿಯಚ್ಚನ್ನು ತಾನೇ ಮೂಡಿಸುತ್ತದೆ. ಆ ತಣ್ಣಗಿನ ಸರಳು ಎಷ್ಟು ದಪ್ಪವಿರಬೇಕು? 20 ಎಂದು ಉತ್ತರಿಸುವ ಹುಡುಗನಿಗೆ ಐದರಲ್ಲಿ ಎರಡು ಅಂಕ. ಉಕ್ಕು ಕೆಂಪಗೆ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. 1000 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ನೂರಕ್ಕೆ ಒಂದೂಕಾಲು ಭಾಗದಷ್ಟು. 20 ಮಿಲಿಮೀಟರಿಗೆ ಅದು ಕಾಲು ಮಿಲಿಮೀಟರ್. ಇಲ್ಲಿ ಕುಗ್ಗುವುದು ಎರಡು ಸಲ. ಕಾದ ತುಂಡುಗಳಲ್ಲಿ ಮೂಡಿದ ಕೊರೆತ ತುಂಡುಗಳು ಆರಿದಾಗ ಒಮ್ಮೆ ಕುಗ್ಗುತ್ತದೆ. ಮುಂದೆ ಆ ಅಚ್ಚಿನಲ್ಲಿ ಬಡಿದ ಕೆಂಪು ಸರಳು ಆರಿದಾಗ ಇನ್ನೊಮ್ಮೆ ಕುಗ್ಗುತ್ತದೆ. ಆದುದರಿಂದ ಮೂಲ ಸರಳು 20.5 ಮಿಲಿಮೀಟರ್ ಇರಬೇಕು. ಪಠ್ಯಪುಸ್ತಕದ 'ಉಷ್ಣದಿಂದ ಘನಪದಾರ್ಥಗಳ ಹಿಗ್ಗುವಿಕೆ' ಎಂಬ ಪಾಠ ರೈಲು ಕಂಬಿಗಳ ನಡುವಿನ ಸಂದಿಗೆ ಮಾತ್ರ ಸೇರಿದುದೆಂದು ತಿಳಿಯಬೇಡಿ.

ಕೊರೆತ ಮೂಡಿದೊಡನೆ ಕೆಲಸ ಮುಗಿಯಲಿಲ್ಲ. ಎರಡು ತುಂಡುಗಳು ಒಂದನ್ನೊಂದು ಪೂರ್ತಿ ಮುಟ್ಟುವಂತಿರಬಾರದು. ನಡುವೆ ಸ್ವಲ್ಪ ಸಂದಿ ಉಳಿಯಬೇಕು. ಕೊರೆತದ ಅಂಚುಗಳನ್ನು ಅರದಿಂದ ಉಜ್ಜಿ ಹೊರಕ್ಕೆ ಬಾಗಿದ ತುಟಿಯಂತೆ ದುಂಡಗೆ ಮಾಡಬೇಕು. ಅಂಚು ಚೂಪಾಗಿದ್ದರೆ ಕಾದ ಉಕ್ಕು ಸಂದಿಯೊಳಕ್ಕೆ ತೆಳ್ಳಗೆ ನುಗ್ಗಿ ರೆಕ್ಕೆಯಂತೆ ನಿಲ್ಲುತ್ತದೆ. ಸರಳನ್ನು ತಿರುಗಿಸಿ ಮುಂದಿನ ಪೆಟ್ಟು ಕೊಟ್ಟಾಗ ಆ ರೆಕ್ಕೆ ಮಡಚಿಕೊಂಡು ಮೈಯೊಳಗೆ ಹೂತುಹೋಗುತ್ತದೆ. ಮೇಲೆ ನೋಡಿದರೆ ಏನೂ ಕಾಣದು. ಅದು ಬೆಸುಗೆಯಾಗಿರುವುದಿಲ್ಲ, ಬರಿಯ ಮಡಿಕೆ. ಮುಂದೊಂದು ದಿನ ಗಾಡಿಯ ಅಚ್ಚು ಮುರಿಯುವುದು ಆ ಗೆರೆಯಲ್ಲಿಯೇ. ಹೀಗೆ ಅರದಿಂದ ಹತ್ತು ನಿಮಿಷ ಉಜ್ಜದೆ ಬಿಟ್ಟುದರ ಫಲವನ್ನು ಯಾರೋ ಗುರುತಿಲ್ಲದವರು ಎಷ್ಟೋ ದೂರದಲ್ಲಿ ಅನುಭವಿಸುತ್ತಾರೆ.

ಹಿಡಿಯ ವಿಷಯದಲ್ಲಿ ಕಮ್ಮಾರರ ಜಾಣತನವನ್ನು ನೋಡಿ. ಕೈಕೆಲಸದ ಉಳಿಗೆ ಗಟ್ಟಿ ಹಿಡಿ ಬೇಕು. ಯಂತ್ರಸುತ್ತಿಗೆಯ ಉಪಕರಣಕ್ಕೆ ಬಳುಕುವ ಹಿಡಿ ಬೇಕು. ಹಿಡಿಯನ್ನು ಮೆದು ಉಕ್ಕಿನಿಂದ ಮಾಡಿ, ಉಪಕರಣದ ಹತ್ತಿರ ಕುತ್ತಿಗೆಯನ್ನು ತೆಳ್ಳಗೆ ಚಪ್ಪಟೆ ಮಾಡುತ್ತಾರೆ. ಪೆಟ್ಟಿನ ಅದಿರು ಆ ಕುತ್ತಿಗೆಯಲ್ಲಿಯೇ ಸತ್ತು ಮುಂಗೈಗೆ ಬರುವುದಿಲ್ಲ. ಗಟ್ಟಿ ಹಿಡಿಯಾದರೆ ಸಂಜೆಯ ಹೊತ್ತಿಗೆ ಬೆರಳುಗಳು ಜೋಮು ಹಿಡಿಯುತ್ತವೆ. ಹಿಡಿಯ ಉದ್ದ 60ರಿಂದ 75 ಸೆಂಟಿಮೀಟರ್ ಇದ್ದರೆ ಸಾಕು. ಬೆಸುಗೆ ಹಾಕುವವರು ತುಂಡನ್ನು ಮೊದಲು ಬಿಸಿ ಮಾಡಿಕೊಂಡು ಹಾಕಬೇಕು. ಸ್ಪ್ರಿಂಗ್ ಉಕ್ಕು ತಣ್ಣಗಿರುವಾಗ ಬೆಸೆದರೆ ಬೆಸುಗೆಯ ಪಕ್ಕದಲ್ಲಿಯೇ ಬಿರುಕು ಬಿಡುತ್ತದೆ.

ಇನ್ನೊಂದು ಮುಖ್ಯ ಉಪಕರಣ ಕಡಿಯುವ ಉಳಿ. ಕೈಯುಳಿಯಂತೆ ಇದು ಎತ್ತರವಾಗಿರಬಾರದು. ಎತ್ತರದ ಉಪಕರಣ ಓರೆ ಪೆಟ್ಟು ಬಿದ್ದೊಡನೆ ಮಗುಚಿ ಸಿಡಿಯುತ್ತದೆ. ಗಿಡ್ಡಗೆ, ಮೇಲೆ ಅಗಲ, ಕೆಳಗೆ ಕಿರಿದು. ಅಂಚು ಕತ್ತಿಯಷ್ಟು ಚೂಪಲ್ಲ, ಮೂರು ನಾಲ್ಕು ಮಿಲಿಮೀಟರ್ ಮೊಂಡಾಗಿಯೇ ಇರಬೇಕು. ಕಾದ ಉಕ್ಕಿಗೆ ಅಷ್ಟು ಸಾಕು. ಒಂದು ಕಡೆಯಿಂದ ಬಹುಪಾಲು ಕಡಿದು, ಸರಳನ್ನು ಮಗುಚಿ, ಉಳಿದ ತೆಳು ಪೊರೆಯ ಮೇಲೆ ಸಣ್ಣ ಚೌಕ ಸರಳಿಟ್ಟು ಒಂದು ಪೆಟ್ಟು ಕೊಟ್ಟರೆ ತುಂಡು ಬೇರೆಯಾಗುತ್ತದೆ. ಒಂದೇ ಕಡೆಯಿಂದ ಕೊನೆಯವರೆಗೆ ಕಡಿದರೆ ಉಳಿಯ ಅಂಚು ಕೆಳಮುಖವನ್ನು ಬಡಿದು ಎರಡೂ ಹಾಳು. ಆ ಕೊನೆಯ ಪೆಟ್ಟಿನ ವೇಳೆ ಸರಳಿನ ತುದಿಗೆ ನೇರವಾಗಿ ಯಾರೂ ನಿಲ್ಲಬಾರದು. ತುಂಡು ಕೆಂಪಗೆ ಹಾರಿ ಹೋಗುತ್ತದೆ, ಎತ್ತ ಎಂದು ಹೇಳಿ ಹೋಗುವುದಿಲ್ಲ.

ಅಳತೆಯ ತಡೆ ಎಂಬುದು ಬಹಳ ಸರಳವಾದ ಉಪಕರಣ: ಬೇಕಾದ ದಪ್ಪದ ಒಂದು ಮೆದು ಉಕ್ಕಿನ ಚೌಕ, ಅದಕ್ಕೊಂದು ಹಿಡಿ. ಕೆಲಸದ ಪಕ್ಕದಲ್ಲಿ ಇಟ್ಟರೆ ದಿಮ್ಮಿ ಅದಕ್ಕಿಂತ ಕೆಳಗೆ ಇಳಿಯಲಾರದು; ಹತ್ತು ಕುಡುಗೋಲಿಗೂ ಒಂದೇ ದಪ್ಪ ಬರುತ್ತದೆ. ಕಣ್ಣಿಲ್ಲದ ಯಂತ್ರಕ್ಕೆ ಇದೇ ಕಣ್ಣು ಎನ್ನಬಹುದು. ಮೊನೆಯಾಗುವ ಕೆಲಸಗಳಿಗೆ, ಅಂದರೆ ಹಾರೆಯ ತುದಿಯಂಥವುಗಳಿಗೆ, ಓರೆಯಾದ ಬೆಣೆಯಂಥ ಅಚ್ಚು ಬೇಕು. ಏಕೆಂದರೆ ಸಮನಾದ ಎರಡು ಮುಖಗಳ ನಡುವೆ ಮೊನೆಯಾದ ವಸ್ತು ನಿಲ್ಲದೆ ಜಾರಿ ಹೊರಕ್ಕೆ ಚಿಮ್ಮುತ್ತದೆ.

ಇವೆಲ್ಲವುಗಳಿಗೆ ಯಾವ ಉಕ್ಕು? ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ, ಗಾಡಿಯ ಅಚ್ಚು, ಇವು ಗುಜರಿಯಲ್ಲಿ ಅಗ್ಗವಾಗಿ ಸಿಗುತ್ತವೆ, ಬಹಳ ಕೆಲಸಕ್ಕೆ ಸಾಕು. ಇಲ್ಲಿ ಕಮ್ಮಾರಿಕೆ ಬಲ್ಲ ಹಿರಿಯರು, "ಮಾಡಿದ ಮೇಲೆ ಕಾಯಿಸಿ ನೀರಿಗೆ ಅದ್ದಬೇಕಲ್ಲವೆ?" ಎಂದು ಕೇಳಬಹುದು. ಕೊಡಲಿಗೆ ಅದು ಸರಿ, ಇಲ್ಲಿ ಬೇಡ. ಬಿಸಿ ಕೆಲಸದ ಉಪಕರಣ ಕೆಂಪು ಉಕ್ಕನ್ನು ಮುಟ್ಟಿ ಮುಟ್ಟಿ ತಾನೇ ಕಾಯುತ್ತದೆ. ಕೊಟ್ಟ ಗಡುಸು ಹೇಗೂ ಇಳಿದುಹೋಗುತ್ತದೆ. ಇಳಿಯುವ ಮುನ್ನ ಗಾಜಿನಂತೆ ಒಡೆದರೆ ಚೂರು ಕಣ್ಣಿಗೆ ಬರುತ್ತದೆ. ಕೆಂಪಗೆ ಕಾಯಿಸಿ, ಗಾಳಿಯಲ್ಲಿ ತಾನಾಗಿ ಆರಲು ಬಿಡುವುದೇ ಕ್ಷೇಮ. ದೊಡ್ಡ ಕಾರ್ಖಾನೆಗಳಲ್ಲಿ ಎಚ್-13 ಎಂಬ, ನೂರಕ್ಕೆ ಸುಮಾರು 5 ಭಾಗ ಕ್ರೋಮಿಯಂ ಸೇರಿದ ಉಕ್ಕನ್ನು ಬಳಸುತ್ತಾರೆ. ಅದು ಬಿಸಿಯಲ್ಲಿಯೂ ಗಡುಸನ್ನು ಉಳಿಸಿಕೊಳ್ಳುತ್ತದೆ. ಆದರೆ ಕೆಲಸದ ನಡುವೆ ಅದನ್ನು ನೀರಿನಲ್ಲಿ ಅದ್ದಿದರೆ ಬಿರಿಯುತ್ತದೆ. ಯಾವ ಉಕ್ಕೆಂದು ತಿಳಿಯದ ಉಪಕರಣವನ್ನು ನೀರಿಗೆ ಹಾಕದಿರುವುದು ಉತ್ತಮ.

ಬಳಸುವ ರೀತಿಯನ್ನು ಹೇಳದೆ ಮುಂದೆ ಹೋಗಲಾಗದು. ಉಪಕರಣ ಮುಖದ ನಟ್ಟನಡುವೆ ಇರಬೇಕು, ಅಂಚಿನಲ್ಲಲ್ಲ. ಮೊದಲ ಪೆಟ್ಟು ಮೆಲ್ಲಗೆ. ಎಲ್ಲ ಸರಿಯಾಗಿ ಕೂತಿದೆಯೆಂದು ಕಂಡ ಮೇಲೆ ಜೋರು. ಇಕ್ಕುಳವನ್ನೋ ಹಿಡಿಯನ್ನೋ ಸೊಂಟದ ಪಕ್ಕದಲ್ಲಿ ಹಿಡಿಯಬೇಕು. ಹೊಟ್ಟೆಯ ಎದುರಿಗೆ ಎಂದಿಗೂ ಹಿಡಿಯಬಾರದು. ಜಾರಿದ ಹಿಡಿ ಈಟಿಯಂತೆ ಹಿಂದಕ್ಕೆ ಬರುತ್ತದೆ. ಇಕ್ಕುಳದ ಎರಡು ಹಿಡಿಗಳ ನಡುವೆ ಬೆರಳು ತೂರಿಸಬಾರದು. ಸರಳು ಕೆಳಮುಖಕ್ಕೆ ಸಮನಾಗಿ ಮಲಗಿರಬೇಕು. ಕೈ ಒಂದಿಷ್ಟು ಮೇಲಾದರೂ ಕೆಳಗಾದರೂ ಪೆಟ್ಟು ಬಿದ್ದೊಡನೆ ಸರಳು ತಾನೇ ಸಮವಾಗಲು ಹೋಗಿ ಮುಂಗೈಯನ್ನು ಜಗ್ಗುತ್ತದೆ. ಬಣ್ಣ ಮಾಸಿದ ಉಕ್ಕನ್ನು ಬಡಿಯಬಾರದು. ಅಚ್ಚು ಬದಲಿಸುವಾಗ ದಿಮ್ಮಿಯ ಕೆಳಗೆ ಗಟ್ಟಿ ಮರದ ಊರೆ ಕೊಟ್ಟು, ವಿದ್ಯುತ್ ಗುಂಡಿಯನ್ನು ಆರಿಸಿಯೇ ಕೈ ಒಳಗೆ ಹಾಕತಕ್ಕದ್ದು. ಅಂಗಡಿಯ ಯಜಮಾನರು ಅವಸರ ಮಾಡಿದರೂ ಇದರಲ್ಲಿ ರಾಜಿಯಿಲ್ಲ. ಕಿವಿಯ ಮಾತನ್ನೂ ಹೇಳಬೇಕು. 85 ಡೆಸಿಬೆಲ್ ಮೀರಿದ ಸದ್ದನ್ನು ದಿನವಿಡೀ ಕೇಳುವವನ ಕಿವಿ ವರ್ಷಗಳಲ್ಲಿ ಮಂದವಾಗುತ್ತದೆ. ಯಂತ್ರಸುತ್ತಿಗೆಯ ಸದ್ದು ಅದಕ್ಕಿಂತ ಬಹಳ ಹೆಚ್ಚು. ಹತ್ತಿಪ್ಪತ್ತು ರೂಪಾಯಿಯ ಕಿವಿಬೆಣೆಯನ್ನು ನಗೆಗೀಡೆಂದು ಬಗೆಯುವ ಹುಡುಗ ಮುಂದೆ ತನ್ನ ಮೊಮ್ಮಗನ ತೊದಲನ್ನು ಕೇಳಲಾರ.

ಪೋಷಕ ಬಂಧುಗಳೇ, ಇಲ್ಲಿ ನಿಮಗೆ ನೇರವಾಗಿ ಒಂದು ಮಾತು. ಬೇಸಿಗೆಯ ರಜೆಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗರು ಇಂಥ ಅಂಗಡಿಗಳಿಗೆ ಕೂಲಿಗೆ ಹೋಗುತ್ತಿರುವುದು ನಮಗೆ ತಿಳಿದಿದೆ. ಮನೆಯ ಕಷ್ಟವನ್ನು ನಾವು ಅರಿಯದವರಲ್ಲ. ಆ ಹಣ ಅಕ್ಕಿಗೆ, ಪುಸ್ತಕಕ್ಕೆ, ತಂಗಿಯ ಶುಲ್ಕಕ್ಕೆ ಹೋಗುತ್ತದೆಂಬುದನ್ನೂ ಬಲ್ಲೆವು. ಆದರೆ ಹದಿನೆಂಟು ತುಂಬುವವರೆಗೆ ಹುಡುಗನನ್ನು ಯಂತ್ರಸುತ್ತಿಗೆಯ ಮುಂದೆ ನಿಲ್ಲಿಸಬೇಡಿ. ಅಪಾಯದ ಕೆಲಸಕ್ಕೆ ಆ ವಯಸ್ಸಿನವರನ್ನು ಹಚ್ಚಬಾರದೆಂದು 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯಿದೆಯೂ ಹೇಳುತ್ತದೆ. ಅದು ಒತ್ತಟ್ಟಿಗಿರಲಿ. ನಿಮಿಷಕ್ಕೆ 200 ಪೆಟ್ಟಿನ ಎದುರು ಗಮನವನ್ನು ಕದಲಿಸದೆ ನಿಲ್ಲುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ. ಇದು ಆ ಹುಡುಗನ ತಪ್ಪಲ್ಲ. ಅವನು ಅಂಗಡಿಯಲ್ಲಿ ಅರ ಉಜ್ಜಲಿ, ಅಳತೆ ಹಿಡಿಯಲಿ, ಲೆಕ್ಕ ಬರೆಯಲಿ. ನಾವು ಮೇಲೆ ಹೇಳಿದ ಜೋಡಿಯಚ್ಚಿನ ಲೆಕ್ಕವನ್ನು ಮಾಡಬಲ್ಲ ಹುಡುಗ ಯಾವ ಅಂಗಡಿಗೂ ಬೇಕಾದವನೇ. ಮನೆಯಲ್ಲಿ ಹಣದ ಅಡಚಣೆ ಬಿದ್ದಾಗ ಮಗನನ್ನು ಅಂಗಡಿಗೆ ಕಳುಹಿಸುವ ಮೊದಲು ನಮ್ಮ ಕೋಣೆಗೆ ಒಮ್ಮೆ ಬನ್ನಿರಿ. ಸಂಸ್ಥೆಯವರೊಡನೆ ಮಾತನಾಡಿ ಶುಲ್ಕದ ವಿಷಯವನ್ನು ನೋಡುವುದು ನಮ್ಮ ಹೊಣೆ.

ಕೊನೆಯದಾಗಿ ಹೆಸರುಗಳ ವಿಷಯ. ಗಡಿಯ ಈಚೆ ಇರುವ ನಮ್ಮ ಊರುಗಳ ಕುಲುಮೆಯಲ್ಲಿ ಎರಡು ಭಾಷೆಗಳು ಒಂದೇ ಬೆಂಕಿಯಲ್ಲಿ ಕಾಯುತ್ತವೆ. ಅಡಿಗಲ್ಲನ್ನು ಮರಾಠಿಯವರಂತೆ ಐರಣಿ ಎನ್ನುವವರಿದ್ದಾರೆ, ಸಮ್ಮಟಿಗೆಯನ್ನು ಘಣ ಎನ್ನುವವರಿದ್ದಾರೆ, ತಿದಿಯನ್ನು ಭಾತಾ ಎನ್ನುತ್ತಾರೆ. ಎರಡೂ ನಮ್ಮವೇ, ಯಾವುದನ್ನೂ ಬಿಡಬೇಕಾಗಿಲ್ಲ. ಆದರೆ ಸ್ವೇಜಿಗೆ, ಫುಲ್ಲರಿಗೆ ನಾವು ಇಂದು ಇಂಗ್ಲಿಷ್ ಹೆಸರುಗಳನ್ನೇ ಬಳಸಿದೆವು. ಇವು ಯಂತ್ರದೊಡನೆ ಬಂದ ಉಪಕರಣಗಳಲ್ಲ. ಸಮ್ಮಟಿಗೆಯ ಕೆಳಗೂ ಇಂಥವೇ ಇದ್ದವು. ನಿಮ್ಮ ಅಜ್ಜಂದಿರು ಅವುಗಳನ್ನು ಏನೋ ಒಂದು ಹೆಸರಿನಿಂದ ಕರೆದೇ ಇರಬೇಕು. ಒಂಬತ್ತನೆಯ ತರಗತಿಯವರು ಈ ಭಾನುವಾರ ಮನೆಯ, ಕೇರಿಯ ಹಿರಿಯರನ್ನು ಕೇಳಿ, ಹತ್ಯಾರದ ಚಿತ್ರವನ್ನು ಪೆನ್ಸಿಲಿನಿಂದ ಬರೆದು, ಅದರ ಕೆಳಗೆ ಅವರು ಹೇಳಿದ ಹೆಸರನ್ನು ಅವರು ಹೇಳಿದಂತೆಯೇ ಬರೆದು ತರಬೇಕು. ತಿದ್ದಬೇಡಿ. ಸೋಮವಾರ ಕರಿಹಲಗೆಯ ಮೇಲೆ ಎಲ್ಲವನ್ನೂ ಬರೆದು ನೋಡೋಣ.